ಎಂಟು ಸುತ್ತು ಎಂದರೆ ಎಷ್ಟು? ಓಟದ ಚೀಟಿಯೊಂದರಿಂದ ಹುಟ್ಟಿದ ಸಮೀಕರಣಗಳು: ಒಂದು ಪ್ರಕರಣ ಅಧ್ಯಯನ

ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು.

ವಾರಕ್ಕೆ 6 ದಿನ ಅಭ್ಯಾಸ.
ರಸ್ತೆ ಓಟದ ದಿನ: 5 ಕಿ.ಮೀ.
ಮೈದಾನದ ದಿನ: 8 ಸುತ್ತು.
ವಾರದ ಒಟ್ಟು ಓಟ: 26.4 ಕಿ.ಮೀ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಗೆ ತಾಗಿದ ಒಂದು ಪ್ರೌಢಶಾಲೆ. ತಾಲ್ಲೂಕು ಕ್ರೀಡಾಕೂಟದ 3000 ಮೀಟರ್ ಓಟಕ್ಕೆ ತಯಾರಾಗುತ್ತಿರುವ ಹತ್ತನೇ ತರಗತಿಯ ಹುಡುಗಿ. ಪಿಟಿ ಮೇಷ್ಟ್ರು ಬರೆದುಕೊಟ್ಟ ಚೀಟಿ ಗಣಿತದ ಮೇಷ್ಟ್ರ ಕೈಗೆ ಸಿಕ್ಕು ಕರಿಹಲಗೆಗೆ ಏರಿತು: ವಾರದಲ್ಲಿ ರಸ್ತೆ ಎಷ್ಟು ದಿನ, ಮೈದಾನ ಎಷ್ಟು ದಿನ? ಶಾಲೆ, ಹುಡುಗಿ, ಚೀಟಿ ಮೂರನ್ನೂ ಲೆಕ್ಕಕ್ಕಾಗಿ ಕಟ್ಟಿಕೊಂಡಿದ್ದೇವೆ. ಇದರಲ್ಲಿ ಬರುವ ತಪ್ಪುಗಳು ಮಾತ್ರ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಪರಿಚಯದವೇ.

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಪಾಠ ಆಗಿತ್ತು. ಎಕ್ಸ್, ವೈ ಬದಲು ನೆನಪಿಗೆ ಸುಲಭವಾಗಲಿ ಎಂದು ಅವಳು ರ, ಮ ಇಟ್ಟುಕೊಂಡಳು. ಪಕ್ಕದಲ್ಲಿ ಬರೆದದ್ದು: ‘ರ = ರಸ್ತೆ, ಮ = ಮೈದಾನ’. ಆಮೇಲೆ,

ರ + ಮ = 6
5ರ + 8ಮ = 26.4

ಮೊದಲನೆಯದನ್ನು 5ರಿಂದ ಗುಣಿಸಿದರೆ 5ರ + 5ಮ = 30. ಎರಡನೆಯದರಿಂದ ಇದನ್ನು ಕಳೆದರೆ 3ಮ = −3.6. ಹಾಗಾಗಿ ಮ = −1.2, ರ = 7.2. ವರ್ಜಿಸುವ ವಿಧಾನದಲ್ಲಿ ಒಂದು ಚಿಹ್ನೆಯೂ ತಪ್ಪಿಲ್ಲ. ತಾಳೆಯನ್ನೂ ನೋಡಿದಳು: 7.2 − 1.2 = 6, ಸರಿ. 36 − 9.6 = 26.4, ಅದೂ ಸರಿ. ಎರಡು ಸಮೀಕರಣಕ್ಕೂ ಒಪ್ಪುವ ಉತ್ತರ. ಆದರೆ ವಾರದಲ್ಲಿ ಏಳೂ ಕಾಲು ದಿನದಷ್ಟು ರಸ್ತೆ ಓಟ, ಮೈದಾನಕ್ಕೆ ಸೊನ್ನೆಗಿಂತ ಕಡಿಮೆ ದಿನ.

ಈ ಪ್ರಕರಣದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ. ಬಿಡಿಸಿದ ಬೆಲೆಯನ್ನು ಸಮೀಕರಣಕ್ಕೆ ಆದೇಶಿಸಿ ತಾಳೆ ನೋಡಿದರೆ ಗೊತ್ತಾಗುವುದು ಬಿಡಿಸುವ ಕೆಲಸ ಸರಿಯಾಗಿದೆಯೇ ಎಂಬುದಷ್ಟೆ. ಸಮೀಕರಣವನ್ನು ಕಟ್ಟುವಾಗಲೇ ಎಡವಿದ್ದರೆ ತಾಳೆ ಚಾಚೂ ತಪ್ಪದೆ ಕೂಡಿಬರುತ್ತದೆ, ಉತ್ತರ ಮಾತ್ರ ತಪ್ಪಾಗಿಯೇ ಇರುತ್ತದೆ. ಆದ್ದರಿಂದ ತಾಳೆ ನೋಡಬೇಕಾದ್ದು ಚೀಟಿಯ ವಾಕ್ಯಗಳ ಜೊತೆ. ‘ಮೈದಾನದ ದಿನ 8 ಸುತ್ತು, ಅಂಥ ಇಷ್ಟು ದಿನ ಓಡಿದರೆ ಇಷ್ಟು ಕಿಲೋಮೀಟರ್’ ಎಂದು ಬಾಯಲ್ಲಿ ಹೇಳಿ ನೋಡಬೇಕು. ಹಾಗೆ ಹೇಳಹೊರಟಾಗಲೇ ಸುತ್ತು ಕಿಲೋಮೀಟರ್ ಅಲ್ಲ ಎಂಬುದು ನಾಲಗೆಗೆ ತಡೆಯುತ್ತದೆ.

5ರ ಎಂಬ ಪದದ ಏಕಮಾನ ಕಿಲೋಮೀಟರ್: ದಿನಕ್ಕೆ 5 ಕಿ.ಮೀ. × ದಿನಗಳು. 8ಮ ಎಂಬುದರ ಏಕಮಾನ ಸುತ್ತು. ಬಲಭಾಗದ 26.4 ಮತ್ತೆ ಕಿಲೋಮೀಟರ್. ಕೂಡಿಸುವ ಎಲ್ಲ ಪದಗಳ ಏಕಮಾನ ಒಂದೇ ಆಗಿರಬೇಕು. ಅಡಿಕೆಯ ಕ್ವಿಂಟಾಲಿಗೆ ತೆಂಗಿನಕಾಯಿಯ ಎಣಿಕೆ ಕೂಡಿಸಿದ ಹಾಗೆ ಆಗಿದೆ ಇಲ್ಲಿ. ‘ರ = ರಸ್ತೆ’ ಎಂದು ಬರೆದದ್ದೂ ಇದಕ್ಕೆ ಒಂದು ಕಾರಣ. ರಸ್ತೆ ಒಂದು ಸಂಖ್ಯೆಯಲ್ಲ. ‘ರ = ಒಂದು ವಾರದಲ್ಲಿ ರಸ್ತೆ ಓಟಕ್ಕೆ ಹೋಗುವ ದಿನಗಳ ಸಂಖ್ಯೆ’ ಎಂದು ಪೂರ್ತಿ ವಾಕ್ಯ ಬರೆದವರು, ಮುಂದಿನ ಸಾಲಿನಲ್ಲಿ ಅದಕ್ಕೆ ಏನನ್ನು ಗುಣಿಸುತ್ತಿದ್ದೇವೆ ಎಂದು ಒಂದು ಕ್ಷಣವಾದರೂ ಯೋಚಿಸುತ್ತಾರೆ.

ತಪ್ಪನ್ನು ತಿದ್ದಲು ಹೊರಟವಳು ಶಾಲೆಯ ಮೈದಾನ ನೆನಪಿಸಿಕೊಂಡಳು. ಅಲ್ಲಿ ಸುಣ್ಣದ ಗೆರೆ ಎಳೆದಿರುವುದು 200 ಮೀಟರ್ ಟ್ರ್ಯಾಕಿಗೆ. 8 ಸುತ್ತು ಎಂದರೆ 1600 ಮೀಟರ್, 1.6 ಕಿ.ಮೀ. ಹೊಸ ಸಮೀಕರಣ:

5ರ + 1.6ಮ = 26.4

30ರಿಂದ ಕಳೆದರೆ 3.4ಮ = 3.6, ಮ = 1.0588… ಭಾಗಾಕಾರ ನಿಲ್ಲುವುದೇ ಇಲ್ಲ. ಇಲ್ಲಿ ಹೆಚ್ಚಿನ ಮಕ್ಕಳು ಮಾಡುವುದು ‘ಸುಮಾರು 1’ ಎಂದು ದುಂಡಾಗಿಸುವುದನ್ನು. ಮ = 1, ರ = 5 ಇಟ್ಟರೆ ಒಟ್ಟು 26.6 ಕಿ.ಮೀ. ಬರೀ 200 ಮೀಟರ್ ಹೆಚ್ಚು, ಒಂದೇ ಸುತ್ತು. ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅನ್ನಿಸುತ್ತದೆ. ಮೊದಲನೆಯ ತಪ್ಪಿಗಿಂತ ಇದು ಮೋಸದ್ದು. ಮೈನಸ್ ದಿನ ಕಂಡರೆ ಯಾರಾದರೂ ಬೆಚ್ಚುತ್ತಾರೆ, 1.06 ದಿನ ಕಂಡರೆ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಚೀಟಿಯ ಮೊತ್ತ ಅಳೆದದ್ದಲ್ಲ, ಕೂಡಿಸಿದ್ದು. ಕೂಡಿಸಿದ ಮೊತ್ತದಲ್ಲಿ ಅಂದಾಜು ಇರುವುದಿಲ್ಲ, ಹಾಗಾಗಿ ದಿನಗಳ ಸಂಖ್ಯೆ ಪೂರ್ಣಾಂಕವಾಗಿಯೇ ಬರಬೇಕು. ಬಾರದಿದ್ದರೆ ಚೀಟಿಯನ್ನು ತಪ್ಪಾಗಿ ಓದಿಕೊಂಡಿದ್ದೇವೆ ಎಂದೇ ಅರ್ಥ.

ಎರಡನೇ ಸಮೀಕರಣವನ್ನು ಚೀಟಿಯಿಂದಲೇ ಇನ್ನೊಂದು ದಾರಿಯಲ್ಲಿ ಹುಡುಕುವ ಪ್ರಯತ್ನವೂ ನಡೆಯಿತು: ಎರಡು ವಾರಕ್ಕೆ 12 ದಿನ, 52.8 ಕಿ.ಮೀ. ಎಂದು. ಅದು ಹಳೆಯ ಸಮೀಕರಣವನ್ನೇ 2ರಿಂದ ಗುಣಿಸಿದ್ದು. ಸಹಗುಣಕಗಳ ಅನುಪಾತ ಮೂರೂ ಕಡೆ ಒಂದೇ; ಕಳೆದರೆ 0 = 0. ಹೊಸ ಸುದ್ದಿ ಏನೂ ಸಿಗುವುದಿಲ್ಲ.

ಉಳಿದದ್ದು ಕೇಳುವುದೊಂದೇ.

‘ಎಂಟು ಸುತ್ತು ಅಂದ್ರೆ ಎಷ್ಟು ದೂರ, ಸಾರ್?’

‘ನಾನ್ನೂರರ ಸುತ್ತು ಕಣಮ್ಮ. ನಮ್ಮ ಮೈದಾನದಲ್ಲಾದ್ರೆ ಹದಿನಾರು.’

ಪಿಟಿ ಮೇಷ್ಟ್ರ ಬಾಯಲ್ಲಿ ‘ಸುತ್ತು’ ಎಂದರೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಇರುವಂಥ 400 ಮೀಟರಿನದು. ಜಿಲ್ಲಾ ಮಟ್ಟಕ್ಕೆ ಹೋದಾಗ ಓಡಬೇಕಾದದ್ದು ಅದರ ಮೇಲೆ, 3000 ಮೀಟರ್ ಎಂದರೆ ಅಲ್ಲಿ ಏಳೂವರೆ ಸುತ್ತು. ಅವರು ಆ ಅಳತೆಯಲ್ಲೇ ಯೋಚಿಸುವುದು ಸಹಜ. ಈಗ ಮೈದಾನದ ದಿನ 3.2 ಕಿ.ಮೀ.

ರ + ಮ = 6
5ರ + 3.2ಮ = 26.4

1.8ಮ = 3.6, ಮ = 2, ರ = 4. ರಸ್ತೆಯಲ್ಲಿ 20, ಮೈದಾನದಲ್ಲಿ 6.4, ಒಟ್ಟು 26.4.

ಸಮೀಕರಣಕ್ಕೆ ಕೈ ಹಾಕುವ ಮೊದಲು ಅರ್ಧ ನಿಮಿಷ ಬಾಯಿಲೆಕ್ಕ ಮಾಡಿದ್ದರೆ ಈ ಸುತ್ತಾಟ ಇರುತ್ತಿರಲಿಲ್ಲ. ಆರೂ ದಿನ ರಸ್ತೆ ಎಂದಿಟ್ಟರೆ 30 ಕಿ.ಮೀ. ಆರೂ ದಿನ ಮೈದಾನ ಎಂದಿಟ್ಟರೆ 19.2. ನಮ್ಮ 26.4 ಇವೆರಡರ ನಡುವೆ, 30ರ ಕಡೆಗೆ ಹೆಚ್ಚು ವಾಲಿಕೊಂಡು ನಿಂತಿದೆ. ಅಂದರೆ ರಸ್ತೆಯ ದಿನ ಜಾಸ್ತಿ. ಒಂದು ರಸ್ತೆ ದಿನವನ್ನು ಮೈದಾನಕ್ಕೆ ಬದಲಿಸಿದರೆ 1.8 ಕಿ.ಮೀ. ಇಳಿಯುತ್ತದೆ. ಇಳಿಯಬೇಕಾದದ್ದು 3.6. ಎರಡು ದಿನ. ಅದೇ ಮೊದಲನೆಯ ತಪ್ಪಿನಲ್ಲಿ ತುದಿಗಳು 30 ಮತ್ತು 48; 26.4 ಆ ಬೇಲಿಯ ಹೊರಗೇ ಇದೆ. ಮೈನಸ್ ಬರುತ್ತದೆ ಎಂದು ಬಿಡಿಸುವ ಮೊದಲೇ ಹೇಳಬಹುದಿತ್ತು.

ಇಷ್ಟಾದರೂ 3.2 ಎಂಬ ಸಂಖ್ಯೆ ನಿಜವಾಗಬೇಕಾದರೆ ನೆಲದ ಮೇಲಿನ 200 ಮೀಟರ್ ನಿಜವಾಗಿರಬೇಕು. ಗೂಟ, ಹಗ್ಗ, ಟೇಪು ಹಿಡಿದು ಗೆರೆ ಹಾಕುವಾಗ ಸಾಮಾನ್ಯವಾಗಿ ಮರೆಯುವುದು ಒಂದು ವಿಷಯ: ಓಟದ ದೂರವನ್ನು ಗೆರೆಯ ಮೇಲೇ ಅಳೆಯುವುದಿಲ್ಲ. ಒಳಅಂಚಿನಲ್ಲಿ ಎತ್ತರದ ಕಟ್ಟೆ ಇದ್ದರೆ ಅದರಿಂದ 30 ಸೆ.ಮೀ. ಹೊರಗೆ, ಬರೀ ಸುಣ್ಣದ ಗೆರೆಯಾದರೆ 20 ಸೆ.ಮೀ. ಹೊರಗೆ ಅಳೆಯಬೇಕು. ನೇರ ಭಾಗ ತಲಾ 40 ಮೀಟರ್ ಇಟ್ಟರೆ ಎರಡು ತಿರುವುಗಳಿಗೆ ಉಳಿಯುವುದು 120 ಮೀಟರ್. ಅದನ್ನು ಎರಡು ಪೈಯಿಂದ ಭಾಗಿಸಿದರೆ ತಿರುವಿನ ತ್ರಿಜ್ಯ 19.10 ಮೀಟರ್. ಹಗ್ಗ ಕಟ್ಟಬೇಕಾದ್ದು ಅದಕ್ಕಿಂತ 20 ಸೆ.ಮೀ. ಕಡಿಮೆಗೆ, ಅಂದರೆ 18.90ಕ್ಕೆ. ಹಗ್ಗವೂ ನೆನೆದರೆ ಉದ್ದ ಬದಲಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಗೆರೆ ಹಾಕುವವರು ಪ್ರತಿ ಸಲ ಹಗ್ಗವನ್ನು ಟೇಪಿಗೆ ಹಿಡಿದು ನೋಡಬೇಕು.

ಆರಿದ್ರಾ ಮಳೆ ಕಳೆದು ಪುನರ್ವಸು ಹಿಡಿಯುವ ಹೊತ್ತಿಗೆ ಒಳಗಿನ ಲೇನಿನಲ್ಲಿ ನೀರು ನಿಂತಿರುತ್ತದೆ, ಎಲ್ಲರೂ ತುಳಿದು ತಗ್ಗಾದ ಲೇನು ಅದೇ ತಾನೆ. ಮಕ್ಕಳು ಯಾರೂ ಹೇಳದೆಯೇ ಮೂರನೇ ಲೇನಿಗೆ ಸರಿಯುತ್ತಾರೆ. ಲೇನಿನ ಅಗಲ 1.22 ಮೀಟರ್ ಆದರೆ, ಸುಣ್ಣದ ಗೆರೆಯ ಟ್ರ್ಯಾಕಿನಲ್ಲಿ ಒಂದೊಂದು ಲೇನು ಹೊರಗೆ ಹೋದ ಹಾಗೆ ಸುತ್ತಿಗೆ 7.67 ಮೀಟರ್ ಹೆಚ್ಚುತ್ತದೆ. ಇದೂ ರೇಖಾತ್ಮಕ ಸಂಬಂಧವೇ: ಲ-ನೇ ಲೇನಿನ ಒಂದು ಸುತ್ತು = 200 + 7.67(ಲ − 1). ಈ 7.67 ಟ್ರ್ಯಾಕ್ ಎಷ್ಟು ದೊಡ್ಡದು ಎಂಬುದನ್ನು ಅವಲಂಬಿಸುವುದೇ ಇಲ್ಲ, ಲೇನಿನ ಅಗಲವನ್ನು ಎರಡು ಪೈಯಿಂದ ಗುಣಿಸಿದ್ದಷ್ಟೇ ಅದು. ಚಿಕ್ಕ ಮೈದಾನವೆಂದು ಕಡಿಮೆಯಾಗುವುದಿಲ್ಲ. ಮೂರನೇ ಲೇನಿನಲ್ಲಿ ಸುತ್ತು ಸುಮಾರು 215.3 ಮೀಟರ್. 16 ಸುತ್ತಿಗೆ 245 ಮೀಟರ್ ಹೆಚ್ಚುವರಿ. ಅಲ್ಲಿ ಓಡುವ ದಿನ 15 ಸುತ್ತಿಗೆ ನಿಲ್ಲಿಸಿದರೆ 3230 ಮೀಟರ್, ಚೀಟಿಯ 3200ಕ್ಕೆ ಸಾಕಷ್ಟು ಹತ್ತಿರ. ಇಲ್ಲಿ ದುಂಡಾಗಿಸುವುದು ತಪ್ಪಲ್ಲ, ಏಕೆಂದರೆ ಇದು ಅಳತೆ, ಕೂಡಿಸಿದ ಮೊತ್ತವಲ್ಲ.

ಆಮೇಲೆ ಪಿಟಿ ಮೇಷ್ಟ್ರು ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಾಲು ಬರೆದುಕೊಟ್ಟರು: ‘400 × 8, ನಡುವೆ 90 ಸೆಕೆಂಡ್ ರೆಸ್ಟ್. ಮೊದಲ ಸೀಟಿಯಿಂದ ಕೊನೆಯ ಓಟ ಮುಗಿಯುವವರೆಗೆ 24.30.’ ಪ್ರತಿ 400 ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡಬೇಕು?

ಇಲ್ಲಿ ತಪ್ಪು ಲೆಕ್ಕ ಕಾಲಿಗೇ ಬಂದು ತಟ್ಟುತ್ತದೆ. ಒಂದು ಓಟದ ಸೆಕೆಂಡುಗಳನ್ನು ಓ ಎಂದಿಡೋಣ. ಎಂಟು ಓಟ, ಎಂಟು ರೆಸ್ಟ್ ಎಂದು ಬರೆದವರ ಸಮೀಕರಣ 8ಓ + 720 = 1470. ಓ = 93.75 ಸೆಕೆಂಡ್. ಆದರೆ ರೆಸ್ಟ್ ಓಟಗಳ ನಡುವೆ ಬರುವುದು, ಎಂಟು ಗೂಟಗಳ ನಡುವೆ ಏಳು ಸಂದು ಇರುವ ಹಾಗೆ. ಸರಿಯಾದದ್ದು:

8ಓ + 7 × 90 = 1470
8ಓ = 840
ಓ = 105 ಸೆಕೆಂಡ್

1 ನಿಮಿಷ 45 ಸೆಕೆಂಡಿನಲ್ಲಿ ಓಡಬೇಕಾದವಳನ್ನು 1 ನಿಮಿಷ 34ರೊಳಗೆ ಓಡಿಸಿದಂತಾಗುತ್ತದೆ, ಒಂದೊಂದು ಓಟಕ್ಕೂ 11 ಸೆಕೆಂಡಿಗಿಂತ ಹೆಚ್ಚು ವೇಗ. 3000 ಮೀಟರಿಗೆ ಹಿಗ್ಗಿಸಿ ನೋಡಿದರೆ 105ರ ಲೆಕ್ಕದಲ್ಲಿ 13 ನಿಮಿಷ 7 ಸೆಕೆಂಡ್ ಚಿಲ್ಲರೆ, 93.75ರ ಲೆಕ್ಕದಲ್ಲಿ 11 ನಿಮಿಷ 43 ಸೆಕೆಂಡ್. 13 ನಿಮಿಷದ ಓಟಗಾರ್ತಿಗೆ ಈ ವೇಗ ಕೊಟ್ಟರೆ ನಾಲ್ಕೈದು ಓಟಕ್ಕೇ ಕಾಲು ಸೋಲುತ್ತದೆ. ಆಗ ಎಲ್ಲರೂ ಹೇಳುವುದು ‘ಸ್ಟಾಮಿನಾ ಸಾಲದು’ ಅಂತ. ಸಾಲದೇ ಹೋದದ್ದು ರೆಸ್ಟ್ ಎಣಿಸುವಾಗಿನ ಗಮನ.

24.30 ಎಂಬ ಬರಹವನ್ನೂ ಬಿಡುವಂತಿಲ್ಲ. ಸ್ಟಾಪ್‌ವಾಚ್ ಓದುವವರಿಗೆ ಅದು 24 ನಿಮಿಷ 30 ಸೆಕೆಂಡ್, 1470 ಸೆಕೆಂಡ್. ಕ್ಯಾಲ್ಕುಲೇಟರಿಗೆ ಅದು ದಶಮಾಂಶ; 60ರಿಂದ ಗುಣಿಸಿದರೆ 1458 ಕೊಡುತ್ತದೆ, ಓ 103.5 ಆಗುತ್ತದೆ. ತಪ್ಪು ಸಣ್ಣದು, ಹಾಗಾಗಿ ಸಿಕ್ಕಿಬೀಳುವುದಿಲ್ಲ. ನಿಮಿಷ ಮತ್ತು ಸೆಕೆಂಡಿನ ನಡುವೆ ಚುಕ್ಕಿ ಹಾಕುವುದನ್ನೇ ಬಿಟ್ಟು ‘24 ನಿ. 30 ಸೆ.’ ಎಂದು ಬರೆಯುವುದು ಒಳ್ಳೆಯದು.

ಇನ್ನು ರಸ್ತೆ. ಬಯಲುಸೀಮೆಯಲ್ಲಾದರೆ 5 ಕಿ.ಮೀ. ಎಂದರೆ 5 ಕಿ.ಮೀ. ಇಲ್ಲಿ ಶಾಲೆ ಬಿಟ್ಟರೆ ಏರು, ಹಿಂದೆ ಬಂದರೆ ಇಳಿಜಾರು. ಒಂದು ದಿನ ದೂರದ ಬದಲು ಸಮಯ ಕೊಟ್ಟರು: ಪ್ರಾರ್ಥನೆಗೆ ಮುಂಚೆ ಸರಿಯಾಗಿ 30 ನಿಮಿಷದಲ್ಲಿ ಹೋಗಿ ಬರಬೇಕು. ಏರಿನಲ್ಲಿ ಅವಳ ವೇಗ ಗಂಟೆಗೆ 8 ಕಿ.ಮೀ., ಇಳಿಜಾರಿನಲ್ಲಿ 12. ಎಲ್ಲಿ ತಿರುಗಬೇಕು?

‘ಸರಾಸರಿ 10, ಅರ್ಧ ಗಂಟೆಗೆ 5 ಕಿ.ಮೀ., ಎರಡೂವರೆಗೆ ತಿರುಗು’ ಎಂಬುದು ತಕ್ಷಣದ ಉತ್ತರ. ಅಲ್ಲಿ ತಿರುಗಿದರೆ ಏರಿಗೆ 18.75 ನಿಮಿಷ, ಇಳಿಜಾರಿಗೆ 12.5, ಒಟ್ಟು 31.25. ಪ್ರಾರ್ಥನೆಗೆ ಒಂದೂಕಾಲು ನಿಮಿಷ ತಡ. ಇನ್ನೊಂದು ಜಾಣತನ, 15 ನಿಮಿಷ ಆದ ಕೂಡಲೇ ತಿರುಗುವುದು: ಅಷ್ಟರಲ್ಲಿ ಏರಿರುವುದು 2 ಕಿ.ಮೀ., ಇಳಿಯಲು 10 ನಿಮಿಷ. ಐದು ನಿಮಿಷ ಮುಂಚೆಯೇ ಶಾಲೆಯ ಗೇಟು. ವೇಗಗಳ ಸರಾಸರಿ ತಪ್ಪಾಗುವುದು ಏಕೆಂದರೆ ನಿಧಾನದ ವೇಗದಲ್ಲಿ ಕಳೆಯುವ ಹೊತ್ತು ಹೆಚ್ಚು, ಸರಾಸರಿಯನ್ನು ಅದು ತನ್ನ ಕಡೆಗೆ ಎಳೆಯುತ್ತದೆ.

ಪುಸ್ತಕದ ರೀತಿಯಲ್ಲಿ ದ/8 + ದ/12 = 1/2 ಎಂದು ಬರೆದು ಲಘುತಮ ಸಾಮಾನ್ಯ ಅಪವರ್ತ್ಯ ಹುಡುಕಬಹುದು. ಆದರೆ ಓಟಗಾರರು ವೇಗವನ್ನು ಹೇಳುವ ರೀತಿಯೇ ಸಮೀಕರಣಕ್ಕೆ ಹೆಚ್ಚು ಒಗ್ಗುತ್ತದೆ: ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ. ಏರಿಗೆ ಏಳೂವರೆ, ಇಳಿಜಾರಿಗೆ 5. ತಿರುಗುವ ಜಾಗದ ದೂರ ದ ಕಿ.ಮೀ. ಆದರೆ,

7.5ದ + 5ದ = 30
12.5ದ = 30
ದ = 2.4

ಭಿನ್ನರಾಶಿಯೇ ಇಲ್ಲ. ರಾಜ್ಯ, ರಾಷ್ಟ್ರೀಯ ಹೆದ್ದಾರಿಗಳ ಪಕ್ಕದಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಪುಟ್ಟ ಕಲ್ಲು ನೆಡುವ ಪದ್ಧತಿ ಇದೆ. ಕಿಲೋಮೀಟರ್ ಕಲ್ಲಿನಿಂದ ಓಟ ಶುರುಮಾಡಿದರೆ, ಎರಡು ದೊಡ್ಡ ಕಲ್ಲು ದಾಟಿದ ಮೇಲೆ ಸಿಗುವ ಎರಡನೇ ಪುಟ್ಟ ಕಲ್ಲೇ 2.4. ಪಾಚಿ ಕಟ್ಟಿ ಅಂಕಿ ಕಾಣದಿದ್ದರೂ ಎಣಿಸಿಕೊಂಡು ಹೋಗಬಹುದು. ಬಿದ್ದುಹೋದ ಕಲ್ಲುಗಳನ್ನು ಮೊದಲೇ ಒಮ್ಮೆ ನಡೆದು ನೋಡಿಕೊಂಡಿರಬೇಕು ಅಷ್ಟೆ. ಮಂಜಿನ ಬೆಳಗಿನಲ್ಲಿ ಎದುರು ಬರುವ ವಾಹನ ಕಾಣುವ ಬದಿಯಲ್ಲೇ ಓಡಬೇಕು ಎಂಬುದು ಲೆಕ್ಕಕ್ಕೆ ಸೇರಿದ್ದಲ್ಲ, ಆದರೂ ಹೇಳಬೇಕು.

ವಾರವಾರ ಹೆಚ್ಚಿಸುವ ಲೆಕ್ಕದಲ್ಲಿ ಗೂಟ–ಸಂದಿನ ತಪ್ಪು ಮತ್ತೆ ತಲೆಹಾಕುತ್ತದೆ. ಮೊದಲ ವಾರ 16.4 ಕಿ.ಮೀ., ಆರನೇ ವಾರ 26.4. ಆರನೇ ವಾರಕ್ಕೆ ಏರುವ ಮೆಟ್ಟಿಲು ಐದು: 16.4 + 5ಹ = 26.4, ಹ = 2. ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದು ಎಂಬ ಮಾತು ಓಟಗಾರರಲ್ಲಿ ರೂಢಿಯಲ್ಲಿದೆ. ಅದನ್ನು ಕಟ್ಟುನಿಟ್ಟಾಗಿ ಹಿಡಿದರೆ ಮೊದಲ ಮೆಟ್ಟಿಲೇ ಶೇ. 12 ದಾಟುತ್ತದೆ, ಕೊನೆಯದು ಶೇ. 8ರ ಆಸುಪಾಸು. ಒಂದೇ ಸಮನಾಗಿ 2 ಕಿ.ಮೀ. ಏರಿಸುವುದು ರೇಖಾತ್ಮಕ, ಶೇಕಡಾವಾರು ಏರಿಕೆ ರೇಖಾತ್ಮಕವಲ್ಲ. ಎರಡನ್ನೂ ಒಂದೇ ಸಮೀಕರಣದಲ್ಲಿ ತುರುಕಲು ಹೋಗಬಾರದು.

ಮಳೆ ಜೋರಾಗಿ ಮೈದಾನ ಪೂರ್ತಿ ಕೆರೆಯಾದ ವಾರ ಏನು ಮಾಡುವುದು? ಎರಡು ಮೈದಾನದ ದಿನವನ್ನೂ ಹಾಗೇ ರಸ್ತೆಗೆ ಹಾಕಿದರೆ ಒಟ್ಟು 30 ಕಿ.ಮೀ. ಆಗುತ್ತದೆ. ಮೊತ್ತ 26.4ರಲ್ಲೇ ನಿಲ್ಲಬೇಕಾದರೆ 6ಕ = 26.4, ದಿನಕ್ಕೆ 4.4 ಕಿ.ಮೀ. ಜಿಲ್ಲಾಧಿಕಾರಿಗಳು ಒಂದು ದಿನ ರಜೆ ಘೋಷಿಸಿದರೆ 5ಕ = 26.4, ದಿನಕ್ಕೆ 5.28. ಸಮೀಕರಣ ಎರಡಕ್ಕೂ ಉತ್ತರ ಕೊಡುತ್ತದೆ, ಆದರೆ ಎರಡನೆಯದನ್ನು ಪಾಲಿಸುವುದು ಬೇಡ ಎಂದೇ ನಮ್ಮ ಅಭಿಪ್ರಾಯ. ತಪ್ಪಿಹೋದ ದಿನದ ದೂರವನ್ನು ಉಳಿದ ದಿನಗಳ ಮೇಲೆ ಹೇರಿದರೆ ಮೊತ್ತ ಸರಿಹೋಗುತ್ತದೆ, ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಅಲ್ಲದೆ 26.4 ಎಂಬ ಮೊತ್ತಕ್ಕೆ ವೇಗದ 400 ಮೀಟರೂ ನಿಧಾನದ ರಸ್ತೆ ಓಟವೂ ಒಂದೇ; ದೇಹಕ್ಕೆ ಒಂದೇ ಅಲ್ಲ. ಆ ವಾರ ಶಾಲೆಯ ಮೆಟ್ಟಿಲು ಹತ್ತಿ ಇಳಿಯುವುದೋ ಜಗುಲಿಯಲ್ಲಿ ಹಗ್ಗದಾಟವೋ ಮಾಡಿಸಿ, ಕಿಲೋಮೀಟರಿನ ಲೆಕ್ಕವನ್ನು ಕೊರತೆಯಲ್ಲೇ ಬಿಟ್ಟರಾಯಿತು.

ಇಷ್ಟೆಲ್ಲ ಆದ ಮೇಲೆ ಅದೇ ಚೀಟಿಯನ್ನು ತಿರುಗಿ ಬರೆದರೆ ಹೀಗಿರುತ್ತದೆ:

ವಾರಕ್ಕೆ 6 ದಿನ.
ರಸ್ತೆ ಓಟದ ದಿನ: 5 ಕಿ.ಮೀ. (ಹೋಗಿ ಬರುವುದು ಸೇರಿ).
ಮೈದಾನದ ದಿನ: 400 ಮೀ. × 8 = 3.2 ಕಿ.ಮೀ.; ನಮ್ಮ ಟ್ರ್ಯಾಕಿನಲ್ಲಿ ಒಂದು ಓಟಕ್ಕೆ 2 ಸುತ್ತು, ಒಟ್ಟು 16. ಮೂರನೇ ಲೇನಾದರೆ ಒಟ್ಟು 15.
ಒಂದು ಓಟ 1 ನಿ. 45 ಸೆ. ನಡುವೆ 7 ರೆಸ್ಟ್, ತಲಾ 90 ಸೆ. ಒಟ್ಟು 24 ನಿ. 30 ಸೆ.
ವಾರದ ಒಟ್ಟು: 26.4 ಕಿ.ಮೀ. ವಾರ್ಮಪ್ ಸೇರಿಲ್ಲ.

ಕೊನೆಯ ಎರಡು ಪದ ಸೇರಿದ್ದು ಹಿಂದಿನ ಬೆಂಚಿನ ಹುಡುಗನೊಬ್ಬ ‘ವಾರ್ಮಪ್‌ಗೆ ಓಡೋದು ಎಲ್ಲಿ ಹೋಯ್ತು, ಸಾರ್?’ ಎಂದು ಕೇಳಿದ ಮೇಲೆ.